ಠಾಣೆಯ ಲೆಕ್ಕ, ಊರಿನ ಅಳುಕು

2025ರ ಏಪ್ರಿಲ್‌ನಲ್ಲಿ ಕಲಬುರಗಿಯ ರಿಂಗ್ ರಸ್ತೆಯಲ್ಲಿದ್ದ ಎಟಿಎಂ ಒಂದನ್ನು ಒಡೆದು ಲಕ್ಷಾಂತರ ರೂಪಾಯಿ ದೋಚಲಾಯಿತು. ಜುಲೈನಲ್ಲಿ ಸರಾಫ್ ಬಜಾರಿನ ಚಿನ್ನದ ಅಂಗಡಿಯೊಂದಕ್ಕೆ ಹಾಡಹಗಲೇ ಮುಸುಕುಧಾರಿಗಳು ನುಗ್ಗಿ ಆಭರಣಗಳನ್ನು ಹೊತ್ತೊಯ್ದರು. ಎರಡೂ ಪ್ರಕರಣಗಳಲ್ಲಿ ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಆದರೂ ಸೂಪರ್ ಮಾರ್ಕೆಟ್‌ನ ವರ್ತಕರಲ್ಲಿ, ನಿವೃತ್ತರು ಸಂಜೆ ಸೇರುವ ಉದ್ಯಾನಗಳಲ್ಲಿ ಕೇಳಿಬರುವುದು ಒಂದೇ ಮಾತು: ಊರು ಮೊದಲಿನಂತಿಲ್ಲ. ಆಡಳಿತದ ಉತ್ತರವೂ ಎಂದಿನದೇ: ಅಪರಾಧ ಪ್ರಮಾಣ ನಿಯಂತ್ರಣದಲ್ಲಿದೆ.

ಇವೆರಡರಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳಾಗಿರಲೇಬೇಕೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವು ಎರಡು ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಅಧಿಕಾರಿ ಹೇಳುತ್ತಿರುವುದು ಠಾಣೆಯ ಪುಸ್ತಕದಲ್ಲಿ ಎಷ್ಟು ಪ್ರಕರಣ ದಾಖಲಾಗಿವೆ ಎಂಬುದನ್ನು. ನಾಗರಿಕನ ಮನಸ್ಸಿನಲ್ಲಿರುವುದು, ನಾಳೆ ತನಗೇನಾದರೂ ಸಂಭವಿಸಿದರೆ ಅದನ್ನು ಬರೆದುಕೊಂಡು ಬೆನ್ನುಹತ್ತುವವರು ಇದ್ದಾರೆಯೇ ಎಂಬ ಪ್ರಶ್ನೆ.

ಅಪರಾಧದ ಅಂಕಿಅಂಶಗಳ ಪೈಕಿ ಹೆಚ್ಚು ನಂಬಲರ್ಹವಾದದ್ದು ಕೊಲೆಯ ಸಂಖ್ಯೆ. ಶವವನ್ನು ಮುಚ್ಚಿಡುವುದು ಸುಲಭವಲ್ಲ. ದೇಶದಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ಕೊಲೆಯ ದರ 1992ರಲ್ಲಿ 4.6 ಇದ್ದದ್ದು 2022ರ ವೇಳೆಗೆ 2.1ಕ್ಕೆ ಇಳಿದಿತ್ತು. ಮೂವತ್ತು ವರ್ಷಗಳಲ್ಲಿ ಅರ್ಧಕ್ಕೂ ಕಡಿಮೆ! ಈ ಇಳಿಕೆಯನ್ನು ಯಾವ ಊರಿನ ಜನರೂ ಅನುಭವಕ್ಕೆ ಬಂದಂತೆ ಹೇಳುವುದಿಲ್ಲ ಎಂಬುದು ಗಮನಾರ್ಹ. 1992ರಲ್ಲಿ ಬೇರೆ ತಾಲ್ಲೂಕಿನ ಕೊಲೆಯ ಸುದ್ದಿ ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತಿತ್ತು. ಇಂದು ಅದರ ಸಿಸಿಟಿವಿ ದೃಶ್ಯ ಹತ್ತು ನಿಮಿಷದೊಳಗೆ ಅಂಗೈಯಲ್ಲಿರುತ್ತದೆ.

ಹೀಗೆಂದ ಮಾತ್ರಕ್ಕೆ ಜನರ ಅಳುಕು ಬರಿಯ ಭ್ರಮೆ ಎಂದು ತಳ್ಳಿಹಾಕುವುದು ಸರಿಯಲ್ಲ. 2023ರ ಡಿಸೆಂಬರ್‌ನಲ್ಲಿ ಕಲಬುರಗಿ ನಗರದ ನಡುವೆಯೇ ವಕೀಲರೊಬ್ಬರನ್ನು ಹಗಲು ಹೊತ್ತಿನಲ್ಲಿ ಅಟ್ಟಾಡಿಸಿ ಕೊಲ್ಲಲಾಯಿತು. ಅದೇ ತಿಂಗಳು ವಿಧಾನಮಂಡಲವು ವಕೀಲರ ಮೇಲಿನ ಹಿಂಸೆಯನ್ನು ತಡೆಯುವ ಮಸೂದೆಯನ್ನು ಅಂಗೀಕರಿಸಿತು. ಕೊಲೆಗೆ ಆಸ್ತಿ ವಿವಾದವೇ ಕಾರಣವೆಂದು ಆಗ ವರದಿಯಾಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪಟ್ಟಿಗಳೂ ಇದೇ ದಿಕ್ಕನ್ನು ತೋರಿಸುತ್ತವೆ. 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಜಗಳ-ವಿವಾದಗಳು ಕಾರಣ, 3,761ಕ್ಕೆ ವೈಯಕ್ತಿಕ ದ್ವೇಷ. ಲಾಭಕ್ಕಾಗಿ ನಡೆದವು 1,884 ಮಾತ್ರ. ಅಂದರೆ ನಾವು ಹೆದರುವುದು ಮುಸುಕು ಹಾಕಿಕೊಂಡು ಬರುವ ಅಪರಿಚಿತನಿಗೆ. ಕೊಲೆಗೆ ಕಾರಣವಾಗುವುದು ಹೆಚ್ಚಾಗಿ ಹೊಲದ ಬದು, ಮನೆಯ ಪಾಲು, ಹಳೆಯ ಸಾಲ. ಕಂದಾಯ ಇಲಾಖೆಯ ಕಡತಗಳನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಪೋಡಿಯಾಗದ ಜಮೀನು, ವರ್ಷಗಟ್ಟಲೆ ಬಾಕಿ ಉಳಿದ ಖಾತೆ ಬದಲಾವಣೆ, ತಹಸೀಲ್ದಾರರ ಮೇಜಿನಿಂದ ಕದಲದ ತಕರಾರು ಅರ್ಜಿ ಇವೆಲ್ಲ ಅಪರಾಧ ತಡೆಯ ವಿಷಯಗಳೇ. ಆದರೆ ಪೊಲೀಸ್ ಇಲಾಖೆಯ ಯಾವ ಪರಿಶೀಲನಾ ಸಭೆಯಲ್ಲೂ ಸರ್ವೆಯರನ್ನು ಕರೆದು ಕೂರಿಸಿದ್ದನ್ನು ನಾನು ಕಂಡಿಲ್ಲ.

ಕಮಲಾಪುರದ ವಿಚಾರ ಬೇರೆ. ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಹುಮನಾಬಾದ್ ಕಡೆಗಿನ ಹೆದ್ದಾರಿಯ ಮೇಲಿರುವ ಈ ಊರು ಹೊರಗಿನವರಿಗೆ ಪರಿಚಿತವಾಗಿರುವುದು ತನ್ನ ಕೆಂಪು ಬಾಳೆಹಣ್ಣಿನಿಂದ. 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಇಲ್ಲಿನ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ದುಡಿಯುವವರು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ವೃದ್ಧರು ಮತ್ತು ಮಕ್ಕಳು. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಬಳಿ ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡು ಕನಿಷ್ಠ ಏಳು ಮಂದಿ ಸಜೀವ ದಹನವಾದರು. ಆ ವರ್ಷ ರಾಜ್ಯದ ರಸ್ತೆಗಳಲ್ಲಿ ಸತ್ತವರು 11,702 ಮಂದಿ. ಲಕ್ಷ ಜನಸಂಖ್ಯೆಗೆ ಹದಿನೇಳಕ್ಕೂ ಹೆಚ್ಚು; ದೇಶದ ಕೊಲೆ ದರದ ಎಂಟು ಪಟ್ಟು. 2011ರ ಜನಗಣತಿಯಲ್ಲಿ 25.66 ಲಕ್ಷ ಜನಸಂಖ್ಯೆ ಇದ್ದ ಕಲಬುರಗಿಯಂತಹ ಜಿಲ್ಲೆಗೆ ಈ ಸರಾಸರಿಗಳನ್ನು ಅನ್ವಯಿಸಿದರೆ, ವರ್ಷಕ್ಕೆ ಕೊಲೆಗಳು ಐವತ್ತರ ಆಸುಪಾಸು, ರಸ್ತೆ ಸಾವುಗಳು ನಾನೂರಕ್ಕೂ ಮೇಲೆ. ಇದು ಜಿಲ್ಲೆಯ ನಿಜವಾದ ಅಂಕಿಯಲ್ಲ, ಪ್ರಮಾಣವನ್ನು ಮನಗಾಣಿಸುವ ಲೆಕ್ಕ ಅಷ್ಟೆ. ಮಹಾಗಾಂವ್ ಕ್ರಾಸಿನಲ್ಲಿ ಕತ್ತಲಾದ ಮೇಲೆ ಬಸ್ಸಿಳಿಯುವ ವಿದ್ಯಾರ್ಥಿನಿಯ ತಂದೆಗೆ ಕಳ್ಳ, ಲಾರಿ, ಕುಡುಕ ಇವರೆಲ್ಲ ಒಂದೇ ಭಯದ ಬೇರೆ ಬೇರೆ ರೂಪಗಳು. ಮಗಳನ್ನು ಕಾಲೇಜು ಬಿಡಿಸುವ ನಿರ್ಧಾರ ಮಾಡುವಾಗ ಆತ ದಂಡ ಸಂಹಿತೆಯ ಕಲಂಗಳನ್ನು ಬೇರ್ಪಡಿಸಿ ನೋಡುವುದಿಲ್ಲ.

ಗಡಿಯ ಸಾಮೀಪ್ಯವೂ ಇಲ್ಲಿನ ಅಳುಕಿಗೆ ಒಂದು ಕಾರಣ. 2022ರ ಸೆಪ್ಟೆಂಬರ್‌ನಲ್ಲಿ ಗಾಂಜಾ ಜಾಲದ ಬೆನ್ನುಹತ್ತಿ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿಗೆ ಹೋಗಿದ್ದ ಕಲಬುರಗಿ ಜಿಲ್ಲೆಯ ವೃತ್ತ ನಿರೀಕ್ಷಕರ ಮೇಲೆ ಗುಂಪೊಂದು ಮಾರಣಾಂತಿಕ ಹಲ್ಲೆ ನಡೆಸಿತು. ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಅದೇ ಟ್ರ್ಯಾಕ್ಟರಿಗೆ ಸಿಲುಕಿ ಪ್ರಾಣ ಕಳೆದುಕೊಂಡರು. ವಾರ್ಷಿಕ ಕೋಷ್ಟಕದಲ್ಲಿ ಇವು ಒಂದೊಂದು ಅಂಕಿ. ಆದರೆ ಸಮವಸ್ತ್ರದಲ್ಲಿರುವವನಿಗೇ ಹೀಗಾದರೆ ನಮ್ಮ ಗತಿಯೇನು ಎಂದು ಹಳ್ಳಿಯವನು ಕೇಳಿದರೆ ಅವನಿಗೆ ಶೇಕಡಾವಾರು ತೋರಿಸಿ ಸಮಾಧಾನ ಹೇಳಲಾಗದು.

ಇನ್ನು ದಾಖಲಾತಿಯ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಇಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಮಗ ಅಪಹರಣವಾಗಿದ್ದಾನೆಂದು ಕಲಬುರಗಿಯ ಠಾಣೆಯೊಂದಕ್ಕೆ ಹೋದ ತಾಯಿಯ ದೂರನ್ನು ಅಲ್ಲಿ ದಾಖಲಿಸಿಕೊಳ್ಳಲಿಲ್ಲ. ಆಕೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬೇಕಾಯಿತು. ತಮ್ಮ ವ್ಯಾಪ್ತಿಗೆ ಬಾರದಿದ್ದರೆ ಶೂನ್ಯ ಎಫ್‌ಐಆರ್ ಆದರೂ ಮಾಡಬೇಕಿತ್ತು, ಠಾಣಾ ದಿನಚರಿಯಲ್ಲಾದರೂ ನಮೂದಿಸಬೇಕಿತ್ತು, ಎರಡೂ ಆಗಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಪೀಠವು ಠಾಣಾಧಿಕಾರಿಗೆ ಒಂದು ವಾರ ಠಾಣೆಯ ಮುಂದಿನ ರಸ್ತೆಯನ್ನು ಗುಡಿಸುವ ಸಮುದಾಯ ಸೇವೆಯನ್ನು ವಿಧಿಸಿತು. ದೇಶದಾದ್ಯಂತ ಪತ್ರಿಕೆಗಳು ಪೊರಕೆಯ ವಿಚಾರವನ್ನು ಚಪ್ಪರಿಸಿ ಬರೆದವು. ಆದರೆ ಈ ಪ್ರಸಂಗದ ಅರ್ಥಶಾಸ್ತ್ರವನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆ ತಾಯಿ ಹೈಕೋರ್ಟಿಗೆ ಹೋಗದೆ ಮನೆಗೆ ಮರಳಿದ್ದರೆ, ಆ ವರ್ಷದ ಅಪಹರಣ ಪ್ರಕರಣಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು ಮತ್ತು ಊರು ಕಾಗದದ ಮೇಲೆ ಅಷ್ಟರಮಟ್ಟಿಗೆ ಸುರಕ್ಷಿತವಾಗುತ್ತಿತ್ತು.

ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಯಾವ ಠಾಣೆಯಲ್ಲಾದರೂ ದೂರು ಕೊಡುವ ಹಕ್ಕನ್ನು ಕಾನೂನಿನಲ್ಲೇ ಬರೆದಿದೆ. ಹೀಗಿದ್ದೂ ಠಾಣೆಗಳು ಹಿಂಜರಿಯುವುದೇಕೆ? ಉತ್ತರ ಸರಳ. ಮೇಲಧಿಕಾರಿಗಳು, ಮಂತ್ರಿಗಳು, ವಿರೋಧ ಪಕ್ಷ, ಪತ್ರಿಕೆಗಳು ಎಲ್ಲರೂ ಠಾಣಾಧಿಕಾರಿಯನ್ನು ಅಳೆಯುವುದು ಕಳೆದ ವರ್ಷಕ್ಕಿಂತ ಪ್ರಕರಣ ಏರಿತೇ ಇಳಿಯಿತೇ ಎಂಬ ಒಂದೇ ಕೋಲಿನಿಂದ. ಬರೆದುಕೊಂಡವನಿಗೆ ತನಿಖೆಯ ಹೊರೆ, ಸಭೆಯಲ್ಲಿ ಬೈಗುಳ. ಸಾಗಹಾಕಿದವನಿಗೆ ಶಹಬ್ಬಾಸ್. ಯಾವ ಇಲಾಖೆಯಲ್ಲೇ ಆಗಲಿ, ಲೆಕ್ಕ ಬರೆಯುವವನ ಬಡ್ತಿ ಅದೇ ಲೆಕ್ಕದ ಮೇಲೆ ನಿಂತಿದ್ದರೆ ಆ ಲೆಕ್ಕವನ್ನು ನಂಬುವಂತಿಲ್ಲ.

ಕೇರಳವನ್ನು ನೋಡಿ. ದಾಖಲಾದ ಅಪರಾಧಗಳ ದರದಲ್ಲಿ ಅದು ದೇಶದ ಮುಂಚೂಣಿಯಲ್ಲಿದೆ. 2022ರಲ್ಲಿ ಬಿಹಾರದ ಭಾರತೀಯ ದಂಡ ಸಂಹಿತೆಯ ಅಪರಾಧ ದರ ಕೇರಳದ ಅರ್ಧಕ್ಕಿಂತ ಕಡಿಮೆ. ಆದರೆ ಕೊಲೆ ದರ? ಬಿಹಾರದಲ್ಲಿ 2.3, ಕೇರಳದಲ್ಲಿ 0.9. ಪ್ರಕರಣಗಳ ಏರಿಕೆ ಬೇರೆ, ಅಪರಾಧದ ಏರಿಕೆ ಬೇರೆ ಎಂದು ಬ್ಯೂರೊ ತನ್ನ ವರದಿಯಲ್ಲಿಯೇ ಎಚ್ಚರಿಸುತ್ತದೆ. ಆ ಪುಟವನ್ನು ಓದುವವರು ಕಡಿಮೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನು ಮಾತ್ರ ಎಣಿಸುವ ಪದ್ಧತಿಯೂ ಇದೆ; ಅತ್ಯಾಚಾರ ಎಸಗಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ.

ದಾಖಲೆಗೆ ಬಾರದ ದೊಡ್ಡ ಪಾಲು ಇರುವುದು ಮನೆಯ ಒಳಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ಹಿಂಸೆಯೇ ಇಮ್ಮಡಿಯಾಯಿತೆಂದು ನಾನು ನಂಬಲಾರೆ. ಹೇಳುವ ಧೈರ್ಯವೂ ಕೇಳುವ ರೀತಿಯೂ ಬದಲಾಗಿರಬಹುದು. ಆದರೆ ದೇಶದ ಮಟ್ಟದಲ್ಲಿ, ಹಿಂಸೆಗೆ ಒಳಗಾದವರ ಪೈಕಿ ಯಾರಲ್ಲಾದರೂ ನೆರವು ಕೋರಿದವರು ಶೇ 14 ಮಾತ್ರ, ಅದರಲ್ಲೂ ಬಹುಪಾಲು ತವರಿನವರ ಬಳಿ. ಠಾಣೆಯ ಮೆಟ್ಟಿಲು ಹತ್ತಿದವರು ಬೆರಳೆಣಿಕೆಯಷ್ಟು. ಊರು ಸುರಕ್ಷಿತವೇ ಎಂದು ನಗರದ ಮಧ್ಯಮ ವರ್ಗದ ಗಂಡಸರು ಚರ್ಚಿಸುವಾಗ ಈ ಹಿಂಸೆ ಸಾಮಾನ್ಯವಾಗಿ ವಿಷಯ ಸೂಚಿಯಲ್ಲೇ ಇರುವುದಿಲ್ಲ.

ವಿಚಿತ್ರವೆಂದರೆ ಉಳ್ಳವರ ದೂರುಗಳೂ ನಿಖರವಾಗಿರುವುದಿಲ್ಲ. ಸರಾಫ್ ಬಜಾರಿನ ದರೋಡೆಯಲ್ಲಿ ದೂರಿನಲ್ಲಿ ಹೇಳಲಾಗಿದ್ದ ಚಿನ್ನ 805 ಗ್ರಾಂ. ಪೊಲೀಸರು ವಶಪಡಿಸಿಕೊಂಡದ್ದು ಎರಡು ಕಿಲೋಗೂ ಮಿಕ್ಕಿ ಎಂದು ವರದಿಯಾಯಿತು.

ಕಲಬುರಗಿಯ ಅಂಕಿಗಳನ್ನು ಹೋಲಿಸಲು ಇನ್ನೊಂದು ತೊಡಕಿದೆ. 2019ರಲ್ಲಿ ನಗರಕ್ಕೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಬಂದ ಮೇಲೆ ನಗರದ ಠಾಣೆಗಳು ಕಮಿಷನರ್ ಅಧೀನಕ್ಕೆ ಹೋದವು. ಕಮಲಾಪುರದಂತಹ ತಾಲ್ಲೂಕುಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಯಲ್ಲಿ ಉಳಿದವು. ಹೀಗಾಗಿ ಹಳೆಯ ಜಿಲ್ಲಾ ಅಂಕಿಯನ್ನು ಇಂದಿನ ಜಿಲ್ಲಾ ಅಂಕಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನುವುದು ಅರ್ಥಹೀನ. 20 ಲಕ್ಷಕ್ಕಿಂತ ಹೆಚ್ಚು ಜನರಿರುವ ಮಹಾನಗರಗಳಿಗೆ ಬ್ಯೂರೊ ಪ್ರತ್ಯೇಕ ಅಧ್ಯಾಯ ಪ್ರಕಟಿಸುತ್ತದೆ. 2011ರಲ್ಲಿ ಸುಮಾರು 5.33 ಲಕ್ಷ ಜನರಿದ್ದ ಕಲಬುರಗಿ ಅದರಲ್ಲಿಲ್ಲ. ಜನಸಂಖ್ಯೆಯ ಅಂಕಿಯೂ ಹಳತು. 2021ರ ಜನಗಣತಿ ನಡೆಯಲಿಲ್ಲ, 2027ರದ್ದಕ್ಕೆ ಕಾಯಬೇಕು. ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಸಂಖ್ಯೆಗಳು ಎಷ್ಟು ಚಿಕ್ಕವೆಂದರೆ, ಒಂದು ವರ್ಷ ಎರಡು ಕೊಲೆ, ಮರುವರ್ಷ ಮೂರು ಆದರೂ ಶೇ 50 ಏರಿಕೆ ಎಂಬ ತಲೆಬರಹ ಸಿದ್ಧವಾಗುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಅಮೆರಿಕ 1973ರಿಂದ, ಬ್ರಿಟನ್ 1982ರಿಂದ ಠಾಣೆಯ ಪುಸ್ತಕವನ್ನು ಬದಿಗಿಟ್ಟು ನೇರವಾಗಿ ಮನೆಗಳಿಗೆ ಹೋಗಿ ಕೇಳುತ್ತಿವೆ: ಕಳೆದ ವರ್ಷ ನಿಮ್ಮ ಮೇಲೆ ಅಪರಾಧ ನಡೆಯಿತೇ, ದೂರು ಕೊಟ್ಟಿರಾ, ಕೊಡದಿದ್ದರೆ ಏಕೆ? 2017ರಲ್ಲಿ ಬೆಂಗಳೂರು ಸೇರಿದಂತೆ ನಾಲ್ಕು ಮಹಾನಗರಗಳ 20 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇಂತಹ ಸಮೀಕ್ಷೆ ನಡೆಯಿತು. ಕಳ್ಳತನಕ್ಕೆ ಈಡಾದವರಲ್ಲಿ ಎಫ್‌ಐಆರ್ ಮಾಡಿಸಿದವರು ಶೇ 10ರಷ್ಟೂ ಇರಲಿಲ್ಲ. ಬೆಂಗಳೂರಿನಲ್ಲಿ ಸಾಧ್ಯವಾದದ್ದು ಕಲಬುರಗಿಯಲ್ಲಿ ಆಗಬಾರದೆಂದೇನೂ ಇಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಇಲ್ಲಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಸಮೀಕ್ಷೆ ಮಾಡಬಲ್ಲ ವಿದ್ಯಾರ್ಥಿಗಳಿದ್ದಾರೆ. ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಿತ ಅನುದಾನವುಳ್ಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದರ ವೆಚ್ಚ ಒಂದು ಸಮುದಾಯ ಭವನದ ಕಾಂಪೌಂಡ್ ಗೋಡೆಯಷ್ಟೂ ಆಗಲಾರದು.

ಇಂತಹ ಸಮೀಕ್ಷೆಯನ್ನು ಕಮಲಾಪುರದಿಂದ ಆರಂಭಿಸುವುದು ಒಳ್ಳೆಯದು. ನಗರದಲ್ಲಿ ದೂರು ತಳ್ಳಿಹಾಕಿದರೆ ಕೇಳಲು ವಕೀಲರಿದ್ದಾರೆ, ವರದಿಗಾರರಿದ್ದಾರೆ, ಹೈಕೋರ್ಟ್ ಪೀಠವೇ ಇದೆ. ತಾಂಡಾದ ವೃದ್ಧೆಗೆ ಇರುವುದು ಒಂದೇ ಠಾಣೆ. ಮೊದಲ ವರ್ಷದ ಫಲಿತಾಂಶ ಬಂದಾಗ ದಾಖಲಾಗದ ಅಪರಾಧಗಳ ಸಂಖ್ಯೆ ಅಧಿಕಾರಿಗಳಿಗೆ ಮುಜುಗರ ತರುವುದು ಖಂಡಿತ. ಆಗ ಆ ಮುಜುಗರಕ್ಕಾಗಿ ಯಾವ ಠಾಣಾಧಿಕಾರಿಯನ್ನೂ ವರ್ಗ ಮಾಡುವುದಿಲ್ಲವೆಂದು ಗೃಹ ಇಲಾಖೆ ಮುಂಚಿತವಾಗಿ ಲಿಖಿತ ಆದೇಶ ಹೊರಡಿಸಬೇಕಾಗುತ್ತದೆ.