ಒಣಗಿದ ವಾಷರಿಗೆ ನಾಲ್ಕು ಹನಿ

ಮನೆಯ ಹಳೆಯ ಏರ್‌ಗನ್ನಿನ ಗುಂಡು ರಟ್ಟನ್ನೂ ತೂರುತ್ತಿಲ್ಲವೇ? ಸ್ಪ್ರಿಂಗನ್ನು ದೂರುವ ಮುನ್ನ ವಾಷರನ್ನು ನೆನೆಯಿರಿ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೂಡುತ್ತದೆ. ಅದರ ಮುಂದಿನ ಗಾಳಿ ಒತ್ತಡಕ್ಕೊಳಗಾಗಿ ಗುಂಡನ್ನು ಚಿಮ್ಮಿಸುತ್ತದೆ. ಆ ಗಾಳಿ ಪಕ್ಕಕ್ಕೆ ನುಸುಳದಂತೆ ತಡೆಯುವುದು ಪಿಸ್ಟನ್ ತುದಿಯ ವಾಷರ್. ಹಳೆಯ ಎಷ್ಟೋ ಬಂದೂಕುಗಳಲ್ಲಿ ಇದು ಸೈಕಲ್ ಪಂಪಿನದರಂತೆ ಚರ್ಮದ್ದು. ಒಣಗಿದರೆ ಕುಗ್ಗುತ್ತದೆ, ಗಾಳಿ ಸೋರುತ್ತದೆ.

ಉಪಾಯ ಸರಳ, ಆದರೆ ಹಿರಿಯರೇ ಮಾಡಬೇಕು. ಗುಂಡಿಲ್ಲದ, ಸ್ಪ್ರಿಂಗ್ ಬಿಗಿಯದ ಬಂದೂಕನ್ನು ನಳಿಗೆ ಮೇಲಾಗಿ ನಿಲ್ಲಿಸಿ. ಮುಖ ಬಾಗಿಸದೆ, ಏರ್‌ಗನ್ನಿಗೆಂದೇ ಸಿಗುವ ಸಿಲಿಕೋನ್ ಎಣ್ಣೆಯ ನಾಲ್ಕು ಹನಿ ಒಳಗೆ ಬಿಟ್ಟು, ರಾತ್ರಿಯಿಡೀ ಹಾಗೇ ಇಡಿ. ಚರ್ಮ ಎಣ್ಣೆ ಹೀರಿ ಮೆದುವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಡ. ಒತ್ತಿದ ಗಾಳಿ ಕಾದು, ಡೀಸೆಲ್ ಎಂಜಿನ್ನಿನಲ್ಲಾಗುವಂತೆ ಆ ಎಣ್ಣೆ ಹೊತ್ತಿಕೊಂಡು ವಾಷರ್, ಸ್ಪ್ರಿಂಗ್ ಎರಡನ್ನೂ ಕೆಡಿಸೀತು.

ಫಲ ಕಾಣದಿದ್ದರೆ ಬಿಚ್ಚಲು ಹೋಗಬೇಡಿ. ಬಿಗಿಯದಿದ್ದಾಗಲೂ ಒಳಗಿನ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ; ಹಾರಿದರೆ ಕಣ್ಣಿಗೇ ಅಪಾಯ. ಬಲ್ಲ ಕೆಲಸಗಾರರಿಗೆ ಕೊಡಿ.

ಪಾಲಕರೇ, ಒಂದು ಮಾತು. ವಾಷರ್ ಚೇತರಿಸಿಕೊಂಡರೆ ಬಂದೂಕಿನ ಬಲವೂ ಹೆಚ್ಚುತ್ತದೆ. ನಿನ್ನೆ ರಟ್ಟಿಗೆ ತಗುಲಿ ಬಿದ್ದ ಗುಂಡು ಇಂದು ಅದನ್ನು ತೂರಿ ಆಚೆ ಹೋದೀತು. ಮಗನ ಕೈಗೆ ಬಂದೂಕು ಕೊಡುವ ಮೊದಲು ಗುರಿಯ ಹಿಂದೆ ಗಟ್ಟಿ ತಡೆ ಇದೆಯೇ, ನೋಡಿ.