ತಪ್ಪು ಮಾವನ ಬೆರಳಿನದ್ದಲ್ಲ

ಹೋದ ಬೇಸಿಗೆಯಲ್ಲಿ ನಮ್ಮ ಸೋದರಮಾವನ ಕೊಳವೆಬಾವಿ ಮೋಟರ್ ಸುಟ್ಟುಹೋಯಿತು. ಅವರ ಊರು ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ, ರಾಜಾನುಕುಂಟೆಯ ಹತ್ತಿರ. ತೋಟದಲ್ಲಿ ಬೀನ್ಸ್ ಹೂ ಬಿಟ್ಟಿತ್ತು. ಆ ಬಿಸಿಲಲ್ಲಿ ನೀರು ತಪ್ಪಿದರೆ ಹೂ ಉದುರುತ್ತದೆ.

ಮಾವ ಫೋನಿನಲ್ಲಿ ಪಂಪ್ ಕಂಪನಿಯ ವೆಬ್ ಪುಟ ತೆರೆದರು. ಅಲ್ಲೊಂದು ಕರ್ನಾಟಕದ ಭೂಪಟ. ನಿಮ್ಮ ಜಿಲ್ಲೆಯನ್ನು ಮುಟ್ಟಿದರೆ ಹತ್ತಿರದ ಸರ್ವಿಸ್ ಸೆಂಟರ್ ನಂಬರ್ ಬರುತ್ತದೆ ಎಂದು ಬರೆದಿತ್ತು. ಮಾವ ಬೆಂಗಳೂರನ್ನು ಮುಟ್ಟಿ, ಬಂದ ನಂಬರಿಗೆ ಫೋನ್ ಮಾಡಿದರು.

"ಹೇಳ್ರೀ, ಯಾವ ಊರ್ರೀ?"

"ಯಲಹಂಕದ ಹತ್ರ ಸ್ವಾಮಿ."

"ಯಪ್ಪಾ, ನಾವು ಬಾಗಲಕೋಟಿ ಕಡೆಯವ್ರು. ಅಷ್ಟ್ ದೂರ ಹೆಂಗ್ ಬರೂದ್ರೀ?"

ಮತ್ತೆ ಮೂರು ನಾಲ್ಕು ಸಲ ಮುಟ್ಟಿದರೂ ಅದೇ ನಂಬರ್. ಸಂಜೆ ಯಲಹಂಕದ ನಮ್ಮ ಮನೆಗೆ ಬಂದು ಫೋನ್ ನನ್ನ ಕೈಗಿಟ್ಟರು. "ನನ್ ಬೆರಳು ದಪ್ಪ ಕಣಪ್ಪ. ಗೇಯ್ದ ಕೈ. ಇಂಥದ್ದಕ್ಕೆಲ್ಲ ಆಗಲ್ಲ" ಅಂದರು.

ನಾನು ಮುಟ್ಟಿದೆ. ನನಗೂ ಬಾಗಲಕೋಟೆಯೇ ಬಂತು. ಅದೇ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದರೆ ಬೆಂಗಳೂರು ಸರಿಯಾಗಿ ಬಂತು.

ಏನಾಗಿದೆ ಎಂದು ನೋಡೋಣ. ಚಿತ್ರದ ಒಂದೊಂದು ಭಾಗಕ್ಕೆ ಒಂದೊಂದು ಲಿಂಕ್ ಕೊಡುವುದಕ್ಕೆ ಇಮೇಜ್ ಮ್ಯಾಪ್ ಎನ್ನುತ್ತಾರೆ. ಹಳೆಯ ವಿಧಾನವೇ. 1997ರ ಎಚ್‌ಟಿಎಂಎಲ್ 3.2ರಲ್ಲೇ ಇತ್ತು. ಎಡ ಅಂಚಿನಿಂದ ಇಷ್ಟು ಪಿಕ್ಸೆಲ್, ಮೇಲಿನಿಂದ ಇಷ್ಟು ಪಿಕ್ಸೆಲ್ ಎಂದು ಅಂಕಿಗಳಲ್ಲಿ ಪ್ರತಿ ಜಿಲ್ಲೆಯ ಗಡಿ ಬರೆದಿಡುತ್ತಾರೆ. ಆಗ ಎಲ್ಲರ ಮುಂದೆ ಕಂಪ್ಯೂಟರ್ ಇತ್ತು, ಚಿತ್ರ ಇದ್ದ ಅಳತೆಯಲ್ಲೇ ಕಾಣುತ್ತಿತ್ತು. ಈಗ ಪುಟ ಫೋನಿನ ಅಗಲಕ್ಕೆ ತಕ್ಕಂತೆ ಚಿತ್ರವನ್ನು ಕುಗ್ಗಿಸುತ್ತದೆ. ಆದರೆ ಬರೆದಿಟ್ಟ ಅಂಕಿಗಳು ಕುಗ್ಗುವುದಿಲ್ಲ. ಜಮೀನು ಕುಗ್ಗಿದೆ, ಬಾಂದು ಕಲ್ಲು ಮಾತ್ರ ಹಳೆಯ ಜಾಗದಲ್ಲೇ ನಿಂತಿದೆ.

ಲೆಕ್ಕ ಹಾಕಿ ನೋಡಿ. ರಾಜ್ಯದ ಅಂಚಿಗೆ ಸರಿಯಾಗಿ ಕತ್ತರಿಸಿದ ಭೂಪಟ 1000 ಪಿಕ್ಸೆಲ್ ಅಗಲವಿದ್ದರೆ, ಬೆಂಗಳೂರು ಎಡದಿಂದ ಸುಮಾರು 780, ಮೇಲಿನಿಂದ ಸುಮಾರು 1240ರಲ್ಲಿ ಬರುತ್ತದೆ. 360 ಅಗಲದ ಫೋನಿನಲ್ಲಿ ಅದೇ ಬೆಂಗಳೂರು ಕಾಣುವುದು 280, 445ರ ಹತ್ತಿರ. ಹಳೆಯ ಅಂಕಿಗಳ ಪ್ರಕಾರ ಆ ಜಾಗ ಜಮಖಂಡಿಯ ಸುತ್ತಮುತ್ತ. ಅಂದರೆ ಬಾಗಲಕೋಟೆ ಜಿಲ್ಲೆ. ಮಾವನ ಬೆರಳು ಸರಿಯಾದ ಜಾಗದಲ್ಲೇ ಇತ್ತು. ಪುಟ ಅದನ್ನು 400 ಕಿಲೋಮೀಟರಿಗೂ ಆಚೆ ಒಯ್ದಿತ್ತು. ಎರಡು ಬೆರಳಿನಿಂದ ಹಿಗ್ಗಿಸಿದರೂ ಇದು ಸರಿಹೋಗದು. ಚಿತ್ರ ಹಿಗ್ಗಿದಷ್ಟೇ ತಪ್ಪೂ ಹಿಗ್ಗುತ್ತದೆ.

ಇದಕ್ಕೆ ಪರಿಹಾರ ಇಲ್ಲವೇ? ಇದೆ, ಅದೂ ಹೊಸದೇನಲ್ಲ. ಎಸ್‌ವಿಜಿ ಎಂಬ ಚಿತ್ರದ ಬಗೆ 2001ರಿಂದ ವೆಬ್ ಗುಣಮಟ್ಟವಾಗಿದೆ. ಅದರಲ್ಲಿ ಪ್ರತಿ ಜಿಲ್ಲೆಯೂ ಗೆರೆಗಳಿಂದ ಬರೆದ ಒಂದು ಆಕಾರ, ಲಿಂಕ್ ಇರುವುದು ಆ ಆಕಾರಕ್ಕೇ. ಆಕಾರ ಕುಗ್ಗಿದರೆ ಲಿಂಕೂ ಜೊತೆಗೇ ಕುಗ್ಗುತ್ತದೆ. ಹಳೆಯ ಚಿತ್ರವೇ ಬೇಕೆಂದರೆ ಅದರ ಮೇಲೆ ಪಿಕ್ಸೆಲ್ ಬದಲು ಶೇಕಡಾ ಲೆಕ್ಕದಲ್ಲಿ ಲಿಂಕ್ ಇಡಬಹುದು. ಎಡದಿಂದ ಶೇ 78 ಎಂದರೆ ಯಾವ ಪರದೆಯಲ್ಲೂ ಶೇ 78ರಲ್ಲೇ ಇರುತ್ತದೆ.

ಆದರೂ ನನ್ನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಲಿಂಕ್ ಸರಿಯಾದ ಜಾಗದಲ್ಲಿದ್ದರೆ ಸಾಲದು, ಬೆರಳಿಗೆ ಸಿಗಬೇಕು. ವೆಬ್ ಗುಣಮಟ್ಟ ರೂಪಿಸುವ ಡಬ್ಲ್ಯೂ3ಸಿ 2023ರಲ್ಲಿ ಹೊರತಂದ ಸೂತ್ರಗಳ ಪ್ರಕಾರ ಮುಟ್ಟುವ ಜಾಗ ಸಾಮಾನ್ಯವಾಗಿ ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಇರಬೇಕು. ಆಂಡ್ರಾಯ್ಡ್ ಸಲಹೆ ಅದರ ಎರಡರಷ್ಟು, 48. ರಾಜ್ಯದ ಭೂಪಟವನ್ನು ಫೋನಿಗೆ ಕುಗ್ಗಿಸಿದರೆ ಯಲಹಂಕ ತಾಲ್ಲೂಕು 48ರ ಹತ್ತಿರಕ್ಕೂ ಬರುವುದಿಲ್ಲ. ಕಣ್ಣು ಕಾಣದವರ ಕಥೆ ಇನ್ನೂ ಕಷ್ಟ. ಲಿಂಕಿಗೆ ಊರಿನ ಹೆಸರು ಬರೆದಿಡದಿದ್ದರೆ ಫೋನ್ ಅವರಿಗೆ ಏನೆಂದು ಓದಿ ಹೇಳಬೇಕು?

ಅದಕ್ಕೇ ಭೂಪಟದ ಕೆಳಗೆ ಎಲ್ಲ 31 ಜಿಲ್ಲೆಗಳ ಹೆಸರು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದರ ಕೆಳಗೊಂದು ಇರಲೇಬೇಕು. ಭೂಪಟ ತೆಗೆಯಿರಿ ಎನ್ನುತ್ತಿಲ್ಲ. ಓದಲು ಕಷ್ಟಪಡುವವರಿಗೆ ನಮ್ಮೂರು ಇಲ್ಲಿದೆ ಎಂದು ತೋರಿಸುವುದು ಅದೇ. ಎರಡೂ ಇರಲಿ.

ಪುಟ ಮಾಡುವವರಲ್ಲಿ ಒಂದೇ ಕೋರಿಕೆ. ದೊಡ್ಡ ಪರದೆಯಲ್ಲಿ ಚೆನ್ನಾಗಿದೆ ಎಂದು ಬಿಡಬೇಡಿ. ಕಡಿಮೆ ಬೆಲೆಯ ಫೋನೊಂದನ್ನು ತಂದು, ಹೊಲದಲ್ಲಿ ಗೇಯುವ ಒಬ್ಬರ ಕೈಗೆ ಕೊಟ್ಟು, ಅವರ ಊರನ್ನು ಮುಟ್ಟಲು ಹೇಳಿ. ಐದು ನಿಮಿಷದ ಕೆಲಸ.

ಓದುವ ನಿಮಗೂ ಒಂದು ಮಾತು. ಭೂಪಟ ಮುಟ್ಟಿದಾಗ ಬೇರೆಯೇ ಊರು ಬಂದರೆ, ಕ್ರೋಮ್‌ನ ಮೇಲ್ಗಡೆ ಮೂಲೆಯ ಮೂರು ಚುಕ್ಕಿ ಒತ್ತಿ 'ಡೆಸ್ಕ್‌ಟಾಪ್ ಸೈಟ್' ಆರಿಸಿ. ಪುಟ ಕಂಪ್ಯೂಟರಿನಷ್ಟು ಅಗಲವಾಗಿ ತೆರೆದುಕೊಂಡು ಹಲವು ಸಲ ಸರಿಹೋಗುತ್ತದೆ. ಆಗಲೂ ಬರದಿದ್ದರೆ ಆ ಪುಟದವರಿಗೆ ಫೋನ್ ಮಾಡಿ ದೂರು ಹೇಳಿ. ಸುಮ್ಮನಿರಬೇಡಿ.

ಯಶವಂತಪುರದ ಅಂಗಡಿಯೊಂದರಿಂದ ಮೆಕ್ಯಾನಿಕ್ ಬಂದು ಮೋಟರ್ ಮೇಲೆತ್ತಿ, ವೈಂಡಿಂಗ್ ಮಾಡಿಸಿ ಇಳಿಸುವಷ್ಟರಲ್ಲಿ ಐದು ದಿನವಾಗಿತ್ತು. ಅರ್ಧ ಹೂ ಉದುರಿತ್ತು. ಅದಕ್ಕಿಂತ ನನಗೆ ನೋವಾದದ್ದು ಮಾವ ತಮ್ಮ ಬೆರಳನ್ನೇ ಬೈದುಕೊಂಡದ್ದು. ಈಗಲೂ ಫೋನಿನಲ್ಲಿ ಏನಾದರೂ ಹುಡುಕಬೇಕೆಂದರೆ ಮೊಮ್ಮಗಳನ್ನು ಕೂಗುತ್ತಾರೆ.