ಹೊಗೆ ಅಟ್ಟಿದರೆ ಸಾಲದು, ಹುಟ್ಟದಂತೆ ನೋಡಿ!

ಕಟ್ಟಿಗೆ ಎಂದರೇನು ಎಂದು ಕಿರವತ್ತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಣ್ಯ ಇಲಾಖೆಯ ನಾಟಾ ಡಿಪೋ ಇರುವ ಊರು ಇದು. ಸಾಗವಾನಿ ದಿಮ್ಮಿ ನೋಡಿದೊಡನೆ ಅಳತೆ ಹೇಳುವ ಜನ ಇಲ್ಲಿದ್ದಾರೆ. ಆದರೆ ಅದೇ ಕಟ್ಟಿಗೆ ಒಲೆಯ ಬಾಯಿಗೆ ಬಿದ್ದ ಮೇಲೆ ಎಷ್ಟು ಬೆಂಕಿಯಾಯಿತು, ಎಷ್ಟು ಹೊಗೆಯಾಯಿತು ಎಂಬ ಲೆಕ್ಕ ಮಾತ್ರ ಯಾರ ಖಾತೆ ಪುಸ್ತಕದಲ್ಲೂ ಇಲ್ಲ.

ಆ ಲೆಕ್ಕ ಇಡುವ ಕಾಲ ಈಗ ಬಂದಿದೆ, ಸ್ವಾಮಿ. ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆ ನಗರದ ಬೇಕರಿ, ಹೋಟೆಲುಗಳಿಗೆ ಆರು ತಿಂಗಳ ವಾಯಿದೆ ಕೊಟ್ಟು, ಕಟ್ಟಿಗೆ-ಇದ್ದಿಲು ಬಿಟ್ಟು ಗ್ಯಾಸಿಗೋ ಇನ್ನಾವುದೋ ಶುಚಿ ಇಂಧನಕ್ಕೋ ಹೋಗಿ ಎಂದಿತು. "ಮುಂಬಯಿ ಎಲ್ಲಿ, ಕಿರವತ್ತಿ ಎಲ್ಲಿ?" ಅಂತೀರಾ? ಸರಿ, ಹತ್ತಿರದ್ದೇ ನೋಡೋಣ. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡ. ಕಿರವತ್ತಿಯಲ್ಲಿ ಬಸ್ಸು ಹತ್ತಿದವರು ಕಲಘಟಗಿ ದಾಟಿ ಇಳಿಯುವುದೇ ಆ ಹುಬ್ಬಳ್ಳಿಯಲ್ಲಿ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಹುಬ್ಬಳ್ಳಿಗೆ ಬಂದ ಕಟ್ಟಳೆ ಹೆದ್ದಾರಿ ಹಿಡಿದು ಇತ್ತ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಕಾಯ್ದೆಯೇನೂ ಹೊಸದಾಗಿ ಹುಟ್ಟಬೇಕಾಗಿಲ್ಲ. 1981ರ ವಾಯು ಮಾಲಿನ್ಯ ಕಾಯ್ದೆಯ 19ನೇ ಕಲಮು ತೆಗೆದು ಓದಿ. ರಾಜ್ಯ ಸರಕಾರ ಯಾವುದೇ ಪ್ರದೇಶವನ್ನು ವಾಯು ಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಸಾರಬಹುದು. ಅಲ್ಲಿ ಇಂಥ ಇಂಧನ ಸುಡಬೇಡಿ ಎನ್ನಬಹುದು. ಮಾಲಿನ್ಯ ಮಂಡಳಿ ಒಪ್ಪಿದ ಸಾಧನ ಬಿಟ್ಟು ಬೇರೆಯದನ್ನು ಉರಿಸಬೇಡಿ ಎಂದೂ ಹೇಳಬಹುದು. ನಮ್ಮ ಮೂರು ಕಲ್ಲಿನ ಒಲೆಯನ್ನು ಯಾವ ಮಂಡಳಿ ಒಪ್ಪೀತು? ನೋಟೀಸು ಬಂದ ದಿನ ಒಲೆ ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಕಟ್ಟಳೆ ಬರಲಿ ಬಿಡಲಿ, ಹೊಗೆಯ ಲುಕ್ಸಾನು ಇವತ್ತೇ ನಡೆದಿದೆ. ಅಡಿಗೆ ಒಲೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನೆಯ ಅವ್ವ ಊದುಗೊಳವೆ ಊದಿ ಕಣ್ಣು ಕೆಂಪು ಮಾಡಿಕೊಂಡು ಕೆಮ್ಮಿದರೆ "ಥಂಡಿ ಆಗೇತಿ" ಎಂದು ಶುಂಠಿ ಕಷಾಯ ಕೊಡುತ್ತೇವೆ. ಕೆಮ್ಮು ಥಂಡಿಯದಲ್ಲ, ಒಲೆಯದು!

ಗ್ಯಾಸು ಬಂದಿದೆಯಲ್ಲ?

ಇದು ಮೊದಲ ಸವಾಲು. ಹೌದು, ಬಂದಿದೆ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗೂ ಸಿಲಿಂಡರು ಬಂತು. ಒಳ್ಳೆಯದೇ ಆಯಿತು. ಆದರೆ ಆ ಸಿಲಿಂಡರಿನ ಮೇಲೆ ಏನು ಬೇಯುತ್ತದೆ ನೋಡಿ. ಬೆಳಗಿನ ಚಾ, ಮಕ್ಕಳ ಉಪ್ಪಿಟ್ಟು, ಬೀಗರು ಬಂದರೆ ಗಡಿಬಿಡಿಯ ಅಡಿಗೆ. ಬಚ್ಚಲ ಹಂಡೆಗೆ ಗ್ಯಾಸು ಹಾಕುವವರು ಯಾರು? ದನದ ಹುರುಳಿ ಬೇಯಿಸುವವರು ಯಾರು? ಯಲ್ಲಾಪುರ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ದೊಡ್ಡ ಹಂಡೆಯಲ್ಲಿ ಅಡಿಕೆ ಕುದಿಯಬೇಕು. ಅದಕ್ಕೆ ಗ್ಯಾಸು ಸುಟ್ಟರೆ ಅಡಿಕೆ ಮಾರಿದ ರೊಕ್ಕ ಏಜೆನ್ಸಿಗೇ ಹೋದೀತು. ಇನ್ನು ಹೋಟೆಲಿನವರ ಪಾಡು ಬೇರೆ. ಮನೆಯ 14.2 ಕಿಲೋ ಸಿಲಿಂಡರು ಅಂಗಡಿಗೆ ತರುವಂತಿಲ್ಲ, 19 ಕಿಲೋದ ವ್ಯಾಪಾರಿ ಸಿಲಿಂಡರೇ ಬೇಕು. ಅದರ ದರ ಏರಿದಾಗಲೆಲ್ಲ ಹಿತ್ತಲಿನ ಕಟ್ಟಿಗೆ ಒಲೆ ಮತ್ತೆ ಹೊತ್ತುತ್ತದೆ.

ಹಾಗಾಗಿ "ಕಟ್ಟಿಗೆ ಬಿಡಿ" ಎಂಬ ಬುದ್ಧಿವಾದ ನಮ್ಮಲ್ಲಿ ನಡೆಯುವುದಲ್ಲ. ಕಟ್ಟಿಗೆ ಸುಡುವುದು ಗುನ್ಹೆಯಲ್ಲ, ಅರೆಬರೆ ಸುಡುವುದು ಗುನ್ಹೆ. ಇದು ನಮ್ಮ ವಾದ.

ಹೊಗೆ ಎಂದರೆ ಏನು?

ಅಂಗಡಿಕಾರರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಹೊಗೆ ಎಂದರೆ ದುಡ್ಡು ಕೊಟ್ಟು ತಂದು ಉಪಯೋಗಿಸದೆ ಬಿಸಾಡಿದ ಮಾಲು. ಕಟ್ಟಿಗೆ ಕಾದಾಗ ಮೊದಲು ಅದರಿಂದ ಅನಿಲ ಹೊರಡುತ್ತದೆ. ಸಾಕಷ್ಟು ಗಾಳಿ, ಸಾಕಷ್ಟು ಕಾವು ಸಿಕ್ಕರೆ ಆ ಅನಿಲವೇ ಜ್ವಾಲೆಯಾಗಿ ಉರಿಯುತ್ತದೆ. ಸಿಗದಿದ್ದರೆ ಹೊಗೆಯಾಗಿ, ಮಸಿಯಾಗಿ ಮೇಲೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ತಾಗುವುದು ನೂರಕ್ಕೆ ಹತ್ತರ ಆಸುಪಾಸು ಮಾತ್ರ. ಉಳಿದದ್ದು ಗಾಳಿಗೆ, ಗೋಡೆಗೆ ಮತ್ತು ಅವ್ವನ ಎದೆಗೆ.

ಇದನ್ನು ಸರಿಪಡಿಸಲು ಹೊರಟವರಲ್ಲಿ ನಮ್ಮ ನಾಡಿನವರೇ ಮುಂದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೂಟ ಹುಟ್ಟಿತು. ಅಲ್ಲಿಂದ ಬಂದದ್ದೇ ಹಳಬರಿಗೆ ನೆನಪಿರುವ ಅಸ್ತ್ರ ಒಲೆ: ಒಂದೇ ಬೆಂಕಿಗೆ ಮೂರು ಪಾತ್ರೆ, ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆ ಕೊಳವೆ. ನಮ್ಮ ಶಿರಸಿ ಸೀಮೆಯಲ್ಲಿ 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ನಿಂತರಲ್ಲ, ಆ ಅಪ್ಪಿಕೋ ಚಳವಳಿಯವರೂ ಬರೀ ಮರ ತಬ್ಬಿ ಕೂರಲಿಲ್ಲ. "ಉಳಿಸು, ಬೆಳೆಸು, ಬಳಸು" ಎಂದರು. ಬಳಸುವ ಪಾಠಕ್ಕೆ ಕಟ್ಟಿಗೆ ಉಳಿಸುವ ಒಲೆಗಳನ್ನು ಮನೆಮನೆಗೆ ಕಟ್ಟಿಸಿದರು, ಹೋಟೆಲುಗಳಿಗೂ ಕಟ್ಟಿಸಿದರು.

ಅದೇ 1983ರಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. 2002ರಲ್ಲಿ ಅದನ್ನು ಮುಚ್ಚುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಮೇಲೆ ಒಲೆ ಕಟ್ಟಿದ್ದೇವೆಂದು ಕಡತ ಹೇಳಿತು. ಈಗ ಹುಡುಕಿ ನೋಡಿ, ಎಷ್ಟು ಉಳಿದಿವೆ? ಗುರಿ ಮುಟ್ಟಿಸುವ ಅವಸರದಲ್ಲಿ ಒಲೆ ಕಟ್ಟಿದರು, ಫೋಟೋ ತೆಗೆದರು, ಹೋದರು. ಕೊಳವೆಯಲ್ಲಿ ಮಸಿ ಕಟ್ಟಿತು, ಜಾಲರಿ ಸವೆಯಿತು. ರಿಪೇರಿಗೆ ಕೇಳಿದರೆ ಆಸಾಮಿ ಪತ್ತೆಯಿಲ್ಲ. ಆಮೇಲೆ ಒಡಿಶಾದಲ್ಲಿ ಇಂಥ ಒಲೆಗಳ ಮೇಲೆ ನಾಲ್ಕು ವರ್ಷ ನಿಗಾ ಇಟ್ಟ ಸಂಶೋಧಕರು ಕಂಡದ್ದೂ ಅದನ್ನೇ. ಮೊದಲ ವರ್ಷ ಹೊಗೆ ಇಳಿಯಿತು. ಬರಬರುತ್ತಾ ದುರಸ್ತಿಯಿಲ್ಲದೆ, ಬಳಕೆಯಿಲ್ಲದೆ ಲಾಭವೆಲ್ಲ ಕರಗಿತು.

ಕೊಳವೆ ಇದ್ದರೆ ಸಾಕೇ?

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಓದಿ. ತೋಟದ ನಡುವಿನ ಒಂಟಿ ಮನೆಗೆ ಕೊಳವೆ ಹಾಕಿದರೆ ಅಡಿಗೆಮನೆ ಚೊಕ್ಕಟವಾಯಿತು, ಹೊಗೆ ಬೆಟ್ಟಕ್ಕೆ ಹೋಯಿತು. ಆದರೆ ಪೇಟೆಯ ಸಾಲಂಗಡಿಯಲ್ಲಿ ನಿಮ್ಮ ಕೊಳವೆಯ ಹೊಗೆ ಎಲ್ಲಿಗೆ ಹೋದೀತು? ಪಕ್ಕದ ಬಟ್ಟೆ ಅಂಗಡಿಗೆ, ಎದುರಿನ ಔಷಧಿ ಅಂಗಡಿಗೆ, ಬಸ್ಸು ಕಾಯುತ್ತ ಕೂಸು ಎತ್ತಿಕೊಂಡು ನಿಂತ ಹೆಣ್ಣುಮಗಳ ಮುಖಕ್ಕೆ! ಕೊಳವೆ ಹೊಗೆಯನ್ನು ಸಾಗಿಸುತ್ತದೆ, ಸುಡುವುದಿಲ್ಲ. ಹೊಗೆ ನಿರ್ಬಂಧ ಇರುವ ಕಡೆ ಬೇಕಾದದ್ದು ಹೊಗೆಯನ್ನು ಒಲೆಯೊಳಗೇ ಉರಿಸಿ ಮುಗಿಸುವ ಒಲೆ. ಕೊಳವೆ ಅದರ ಮೇಲಿನ ಮಾತು.

ಲಂಡನ್ನಿನವರು ಈ ಪಾಠ ಹೆಣ ಎಣಿಸಿ ಕಲಿತರು. 1952ರ ಡಿಸೆಂಬರಿನಲ್ಲಿ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಬೆರೆತು ಆ ಊರಿನಲ್ಲಿ ಸಾವಿರಗಟ್ಟಲೆ ಜನ ಸತ್ತರು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು, ಹೊಗೆ ನಿಯಂತ್ರಣ ವಲಯಗಳು ಬಂದವು. ಇಂದಿಗೂ ಅಲ್ಲಿ ಆ ವಲಯದಲ್ಲಿ ಕಟ್ಟಿಗೆ ಉರಿಸಬೇಕೆಂದರೆ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಒಲೆಯೇ ಬೇಕು. ಅಷ್ಟೇ ಅಲ್ಲ, 2021ರಿಂದ ಇಂಗ್ಲೆಂಡಿನಲ್ಲಿ ಚಿಲ್ಲರೆಯಾಗಿ ಮಾರುವ ಕಟ್ಟಿಗೆಯಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಹೆಚ್ಚಿರಬಾರದು. ಒಲೆಯಷ್ಟೇ ಕಟ್ಟಿಗೆಯೂ ಮುಖ್ಯ ಎಂದಾಯಿತಲ್ಲ!

ಹಾಗಾದರೆ ಒಲೆ ಆರಿಸುವುದು ಹೇಗೆ?

ಒಂದು: ಚೀಟಿ ನೋಡಿ. ನಮ್ಮಲ್ಲೂ ಮಾನಕ ಉಂಟು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 13152. ತಾನಾಗಿ ಗಾಳಿ ಎಳೆಯುವ ಒಲೆಯಾದರೆ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ 25 ಪಾಲಾದರೂ ಪಾತ್ರೆಗೆ ಮುಟ್ಟಬೇಕು. ಒಂದು ಮೆಗಾಜೂಲ್ ಶಾಖಕ್ಕೆ ಹೊಗೆಯ ಕಣ 350 ಮಿಲಿಗ್ರಾಂ ಮೀರಬಾರದು. ಫ್ಯಾನಿನ ಒಲೆಯಾದರೆ 35 ಪಾಲು ಮುಟ್ಟಬೇಕು, ಹೊಗೆಯ ಕಣ 150 ಮಿಲಿಗ್ರಾಂ ದಾಟಬಾರದು. ಅಂಕಿ ನೆನಪಿಡುವುದು ಬೇಡ. "ಈ ಒಲೆಗೆ 13152ರ ಪರೀಕ್ಷೆ ಆಗೇತೇನ್ರೀ?" ಎಂದು ಒಂದು ಮಾತು ಕೇಳಿ. ಮಾರುವವ ತಲೆ ಕೆರೆದುಕೊಂಡರೆ ಮುಂದಿನ ಅಂಗಡಿ ನೋಡಿ.

ಎರಡು: ಕೆಲಸಕ್ಕೆ ತಕ್ಕ ಒಲೆ. ಫ್ಯಾನಿನ ಒಲೆ ಹೊಗೆ ಕಡಿಮೆ ಮಾಡುವುದರಲ್ಲಿ ಮುಂದು. ಪೇಟೆಯ ಚಾದಂಗಡಿ, ಖಾನಾವಳಿಗೆ ಅದು ಒಪ್ಪುತ್ತದೆ. ಆದರೆ ಮಳೆಗಾಲದ ಕರೆಂಟು ನಂಬಿ ಕೂರುವಂತಿಲ್ಲ, ಬ್ಯಾಟರಿ ಬೇಕೇ ಬೇಕು. ಕೆಲವಕ್ಕೆ ಒಮ್ಮೆ ತುಂಬಿದರೆ ನಡುವೆ ಕಟ್ಟಿಗೆ ಸೇರಿಸಲು ಬರುವುದಿಲ್ಲ. ಅಂಥದ್ದು ಬಚ್ಚಲ ಹಂಡೆಗಲ್ಲ. ಇನ್ನು ಕೆಲವಕ್ಕೆ ಕಂಪನಿಯ ಗುಳಿಗೆ ಇಂಧನವೇ ಬೇಕು. ಗುಳಿಗೆ ಸಿಗದ ದಿನ ಒಲೆ ಅಟ್ಟ ಹತ್ತುತ್ತದೆ. ನಮ್ಮ ಊರಿನಲ್ಲಿ ಸಿಗುವ ಕಟ್ಟಿಗೆಯೇ ತಿನ್ನುವ ಒಲೆ ತನ್ನಿ.

ಮೂರು: ಗಾಳಿಯ ದಾರಿ ನೋಡಿ. ಕಟ್ಟಿಗೆ ಜಾಲರಿಯ ಮೇಲೆ ಕೂರಬೇಕು, ಗಾಳಿ ಜಾಲರಿಯ ಕೆಳಗಿಂದ ಬರಬೇಕು, ಬೂದಿ ತೆಗೆಯಲು ಕಿಂಡಿ ಇರಬೇಕು. ಕಟ್ಟಿಗೆ ಉಳಿಸುತ್ತೇವೆಂದು ಒಲೆಯ ಬಾಯಿಯನ್ನು ತೀರಾ ಕಿರಿದು ಮಾಡಿದರೆ ಉಸಿರು ಕಟ್ಟಿ ಹೊಗೆ ಹೆಚ್ಚುತ್ತದೆ. ಕಟ್ಟಿಗೆ ಉಳಿಸುವ ಒಲೆಯೆಲ್ಲ ಹೊಗೆ ಉಳಿಸುವ ಒಲೆಯಲ್ಲ ಎಂಬುದು ನೆನಪಿರಲಿ.

ನಾಲ್ಕು: ಕಣ್ಣಿನ ಪರೀಕ್ಷೆ. ಹೊತ್ತಿಸಿ ಹತ್ತು ನಿಮಿಷ ಬಿಟ್ಟು ಹೊರಗೆ ಬಂದು ಕೊಳವೆಯ ತುದಿ ನೋಡಿ. ಒಣ ಕಟ್ಟಿಗೆ ಹಾಕಿದ ಮೇಲೂ ಹೊಗೆ ದಟ್ಟವಾಗಿ ಕಂಡರೆ ಆ ಒಲೆ ಪೇಟೆಗೆ ನಾಲಾಯಕು. ಪಾತ್ರೆಯ ತಳ ನೋಡಿ. ದಿನವೂ ಮಸಿ ಕೆರೆಯಬೇಕಾದರೆ ಆ ಮಸಿಯಲ್ಲೊಂದು ಪಾಲು ನಿಮ್ಮ ಒಳಗೂ ಹೋಗಿದೆ.

ಐದು: ಕಟ್ಟಿಗೆ ಒಣಗಿಸಿ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಕುದಿಸಿ ಓಡಿಸಲು ನಿಮ್ಮದೇ ಬೆಂಕಿ ಖರ್ಚು. ಬೇಸಿಗೆಯಲ್ಲೇ ಸೀಳಿ, ನೆಲಕ್ಕೆ ತಾಗದಂತೆ ಸೂರಿನಡಿ ಒಟ್ಟಿ. ಮೃಗಶಿರಾ ಮಳೆ ಬಿದ್ದ ಮೇಲೆ ಕಟ್ಟಿಗೆ ಹುಡುಕುವವನ ಒಲೆ ಯಾವ ವಿಜ್ಞಾನಿ ಕಟ್ಟಿದರೂ ಹೊಗೆಯುತ್ತದೆ. ಬೆಂಕಿ ಹಚ್ಚಲು ಟಯರ್ ಚೂರು, ಪ್ಲಾಸ್ಟಿಕ್ ಚೀಲ, ಬಣ್ಣದ ಪ್ಲೈವುಡ್ ಹಾಕುವ ಚಟ ಇದ್ದರೆ ಅದನ್ನು ಇಂದೇ ಬಿಡಿ. ಅದು ಹೊಗೆಯಲ್ಲ, ವಿಷ.

ಆರು: ಕೊಳವೆ ಮಾಡಿನ ನೆತ್ತಿ ದಾಟಿರಲಿ, ಮೇಲೆ ಮಳೆಗೆ ಟೊಪ್ಪಿಗೆ ಇರಲಿ. ತಿಂಗಳಿಗೊಮ್ಮೆ ಮಸಿ ಉದುರಿಸಿ. ಮಸಿ ತುಂಬಿದ ಕೊಳವೆಗೆ ಒಂದು ಕಿಡಿ ತಾಗಿದರೆ ಮಾಡಿಗೂ ಅಪಾಯ.

"ಹೊಗೆ ಇದ್ದರೆ ಹುಳ ಬರುವುದಿಲ್ಲ, ಅಟ್ಟದ ಮಾಲು ಕೆಡುವುದಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಅಟ್ಟಕ್ಕೆ ಬೇಕಾದ ಹೊಗೆಯನ್ನು ಅವ್ವನ ಎದೆಯ ಮೂಲಕ ಕಳಿಸಬೇಕೇ?

ಯಾರು ಏನು ಮಾಡಬೇಕು?

ಒಲೆ ಹಂಚುವ ಸಮಾರಂಭ ನಮಗೆ ಬೇಡ. ಹಾರ ತುರಾಯಿ, ಭಾಷಣ, ಫೋಟೋ ಮುಗಿದ ಮೇಲೆ ಒಲೆ ಮೂಲೆ ಸೇರುವುದನ್ನು 1983ರಿಂದ 2002ರವರೆಗೆ ನೋಡಿ ಆಯಿತು. ನಮಗೆ ಬೇಕಾದದ್ದು ಮೂರೇ ಸಂಗತಿ.

ಮೊದಲನೆಯದು, ಕರೆದರೆ ಬರುವ ಒಲೆ ಮಿಸ್ತ್ರಿ. ಬೆಂಗಳೂರಿನ ಟೈಡ್ ಸಂಸ್ಥೆ ಹಳ್ಳಿಯ ಹೆಂಗಸರಿಗೇ ಸರಳಾ ಒಲೆ ಕಟ್ಟುವ ತರಬೇತಿ ಕೊಟ್ಟು, ಅದನ್ನೇ ಅವರ ಕಸುಬಾಗಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ಕಿರವತ್ತಿಯ ಸ್ವಸಹಾಯ ಸಂಘಗಳ ನಾಲ್ಕು ಹೆಣ್ಣುಮಕ್ಕಳು ಕಲಿತರೆ ಸುತ್ತಲಿನ ಗೌಳಿವಾಡಾ, ಸಿದ್ದಿ ಕೇರಿಗಳಿಗೂ ಅವರೇ ಸಾಕು. ಒಲೆಯ ಮುಂದೆ ಕೂರುವವರೇ ಒಲೆ ಕಟ್ಟಲಿ. ಹೊಗೆಯ ಖಾರ ಅವರಿಗಿಂತ ಯಾರು ಬಲ್ಲರು?

ಎರಡನೆಯದು, ಗ್ರಾಮ ಪಂಚಾಯತಿ ಪೇಟೆಯ ಹೋಟೆಲು, ಬೇಕರಿ, ಖಾನಾವಳಿಯವರನ್ನು ಕೂರಿಸಿಕೊಂಡು ಒಂದು ವರ್ಷದ ವಾಯಿದೆ ಹಾಕಲಿ. ದಂಡದ ಮಾತು ಆಮೇಲೆ. ಮೊದಲು ಸೊಸೈಟಿಯಿಂದ ಕಂತಿನ ಸಾಲ ಸಿಗಲಿ. ಕಟ್ಟಿಗೆಯ ಉಳಿತಾಯದಿಂದಲೇ ಕಂತು ತುಂಬುವ ಲೆಕ್ಕ ಯಾವ ಸಾವ್ಕಾರರಿಗೂ ತಿಳಿಯುತ್ತದೆ.

ಮೂರನೆಯದು ಅರಣ್ಯ ಇಲಾಖೆಗೆ. ಗ್ರಾಮ ಅರಣ್ಯ ಸಮಿತಿಗಳ ಮೂಲಕ ಜನರಿಗೆ ಒಣ ಕಟ್ಟಿಗೆಯನ್ನು ಮಳೆಗೆ ಮೊದಲೇ ಕೊಡಿ, ಮಳೆ ಬಂದ ಮೇಲಲ್ಲ. ದಿಮ್ಮಿಯನ್ನು ಇಂಚಿಂಚು ಅಳೆಯುವ ಇಲಾಖೆಗೆ ಉರುವಲಿನ ಹದ ಅಳೆಯುವುದು ದೊಡ್ಡ ಕೆಲಸವೇ?

ನಿರ್ಬಂಧ ಮೇಲಿನಿಂದ ಬಂದರೆ ಮೊದಲು ಮುಚ್ಚುವುದು ಸಣ್ಣವರ ಅಂಗಡಿ. ದೊಡ್ಡವರು ಗ್ಯಾಸಿಗೆ, ಕರೆಂಟಿಗೆ ಹೋಗಿ ಪಾರಾಗುತ್ತಾರೆ. ಹೆದ್ದಾರಿ ಬದಿಯಲ್ಲಿ ಚಾ ಕಾಸಿ ಸಂಸಾರ ತೂಗಿಸುವವರು ಎಲ್ಲಿಗೆ ಹೋಗಬೇಕು? ಅವರ ಒಲೆ ಆರಬಾರದು ಎಂದಿದ್ದರೆ ಅದರ ಹೊಗೆ ಈಗಲೇ ಆರಬೇಕು. ಪಂಚಾಯತಿಯ ಮುಂದಿನ ಸಭೆಯ ಅಜೆಂಡಾದಲ್ಲಿ ಈ ವಿಷಯ ಬರುವುದೇ? ಸದಸ್ಯರು ಉತ್ತರಿಸಲಿ, ಊರು ಕಾಯುತ್ತಿದೆ.